ಔಷಧದ ಅಂಗಡಿಯಲ್ಲಿ ಒಂದು ನಿಮಿಷದ ಎಚ್ಚರ

ವೈದ್ಯನು ತಕ್ಕ ಔಷಧವನ್ನು ಬರೆದರಷ್ಟೇ ಸಾಲದು. ಅದು ತಪ್ಪಿಲ್ಲದೆ ರೋಗಿಯ ಕೈಸೇರಬೇಕು. ಆಮವಾತದಿಂದ ಬಳಲುವ ಅನೇಕರಿಗೆ ಅಲೋಪತಿ ವೈದ್ಯರು ಮೆಥೊಟ್ರೆಕ್ಸೇಟ್ ಮಾತ್ರೆ ಕೊಡುತ್ತಾರೆ. ಅದನ್ನು ವಾರಕ್ಕೊಮ್ಮೆ ಮಾತ್ರ ಸೇವಿಸಬೇಕು. ಅದರೊಡನೆ ಬರೆಯುವ ಫೋಲಿಕ್ ಆಮ್ಲದ ಮಾತ್ರೆಯೂ ಹಲವು ವೇಳೆ ಅದರಂತೆಯೇ ಚಿಕ್ಕದು, ಹಳದಿ. ಅಂಗಡಿಯಲ್ಲಿ ಇವೆರಡೂ ಅದಲುಬದಲಾದರೆ, ಇಲ್ಲವೆ ‘ದಿನಕ್ಕೊಂದು’ ಎಂದು ಹೇಳಿಬಿಟ್ಟರೆ, ಬಾಯಿ ಹುಣ್ಣಾಗಿ, ರಕ್ತಕಣಗಳು ಕುಸಿದು, ಪ್ರಾಣಕ್ಕೇ ಸಂಚಕಾರ ಬರಬಹುದು.

ಇಂತಹ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟರ ಮೇಲ್ವಿಚಾರಣೆಯಲ್ಲೇ ಕೊಡಬೇಕೆಂಬುದು ಕಾನೂನು. ಆದರೆ ಸಂಜೆಯ ನೂಕುನುಗ್ಗಲಿನಲ್ಲಿ ಕೊಡುವವನು ಕೆಲವೆಡೆ ಸಹಾಯಕ ಹುಡುಗ. ಅವನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಅಸ್ಪಷ್ಟವಾಗಿ ಗೀಚುವ ವೈದ್ಯರಾದ ನಾವೂ ಹೊಣೆಗಾರರು. ‘ಪ್ರತಿ ಸೋಮವಾರ ಮಾತ್ರ’ ಎಂದು ವೈದ್ಯರು ಕನ್ನಡದಲ್ಲಿ ಬಿಡಿಸಿ ಬರೆಯಲಿ. ಫಾರ್ಮಸಿಸ್ಟರು ಅದನ್ನೇ ಪೊಟ್ಟಣದ ಮೇಲೂ ಬರೆದು, ಓದಿ ಹೇಳಲಿ.

ಭಕ್ತರು ಅಂಗಡಿಯಿಂದ ಹೊರಡುವ ಮುನ್ನ ಔಷಧದ ಹೆಸರು, ಪ್ರಮಾಣಗಳನ್ನು ಚೀಟಿಯೊಡನೆ ತಾಳೆ ನೋಡಬೇಕು. “ಇದು ಯಾವ ಕಾಯಿಲೆಗೆ? ಎಷ್ಟು ದಿನಕ್ಕೊಮ್ಮೆ?” ಎಂದು ಕೇಳಲು ಸಂಕೋಚ ಬೇಡ. ಈ ಮಾತ್ರೆಯನ್ನು ತಪ್ಪಾಗಿ ದಿನವೂ ಸೇವಿಸಿದ್ದರೆ, ಬಾಯಿಹುಣ್ಣಿಗೆ ನನ್ನಂಥವರಲ್ಲಿ ಕಷಾಯ ಕೇಳುತ್ತ ಕಾಲ ಕಳೆಯದೆ, ಚೀಟಿ ಮತ್ತು ಮಾತ್ರೆಯ ಸಮೇತ ಕೂಡಲೇ ಆಸ್ಪತ್ರೆಗೆ ಹೋಗಿರಿ.