ಕತ್ತಿನ ಉಳುಕು ಮತ್ತು ಪರಿಹಾರದ ಅರ್ಜಿ

ನಿಂತ ವಾಹನಕ್ಕೆ ಹಿಂದಿನಿಂದ ಇನ್ನೊಂದು ವಾಹನವು ಗುದ್ದಿದಾಗ ನಮ್ಮ ತಲೆಯು ಚಾಟಿಯ ತುದಿಯಂತೆ ಹಿಂದಕ್ಕೂ ಮುಂದಕ್ಕೂ ಜಗ್ಗುತ್ತದೆ. ರಕ್ತ ಸುರಿಯಲಿಲ್ಲವಾದ್ದರಿಂದ ಏನೂ ಆಗಲಿಲ್ಲವೆಂದು ಮನೆಗೆ ಮರಳುತ್ತೇವೆ. ನೋವು ಮರುದಿನ ಕಾಣಿಸಿಕೊಳ್ಳುವುದುಂಟು. ಸ್ನಾಯುಗಳಿಗಾದ ಪೆಟ್ಟು ಎಕ್ಸರೇಯಲ್ಲಿ ಕಾಣದು. ಆದುದರಿಂದ ಎಕ್ಸರೇ ಸರಿಯಿದೆಯೆಂದ ಮಾತ್ರಕ್ಕೆ ನೋವು ಸುಳ್ಳಾಗುವುದಿಲ್ಲ.

ಕಣ್ಣಿಗೆ ಕಾಣದ ಇಂತಹ ಗಾಯಕ್ಕೆ ಕಾಗದಪತ್ರಗಳೇ ಸಾಕ್ಷಿ. ತಡಮಾಡದೆ ವೈದ್ಯರನ್ನು ಕಂಡು, ಅಪಘಾತವಾದ ಬಗೆಯನ್ನೂ, ಕತ್ತು ಎಷ್ಟು ತಿರುಗುತ್ತದೆ, ಕೈ ಜೋಮು ಹಿಡಿಯುತ್ತದೆಯೇ ಎಂಬುದನ್ನೂ ಬರೆಸಿಕೊಳ್ಳಬೇಕು. ಔಷಧಿಯ ರಸೀದಿಗಳನ್ನು ಜೋಪಾನವಾಗಿಡಬೇಕು.

ವರದಿಯಲ್ಲಿರುವ ಶೇಕಡಾವಾರು ಊನವೇ ಪರಿಹಾರದ ಅಳತೆಯೆಂಬುದು ಅನೇಕರ ಭಾವನೆ. ಅದು ಹಾಗಲ್ಲ. ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಇದನ್ನು ಸ್ಪಷ್ಟಪಡಿಸಿತು: ದೇಹದ ಊನ ಬೇರೆ, ಗಳಿಕೆಯ ನಷ್ಟ ಬೇರೆ. ಮೊದಲನೆಯದನ್ನು ಹೇಳುವವರು ವೈದ್ಯರು. ಎರಡನೆಯದನ್ನು ನಿರ್ಧರಿಸುವುದು ನ್ಯಾಯಮಂಡಳಿ. ಬಗ್ಗದ ಕತ್ತು ಗುಮಾಸ್ತರಿಗೆ ತೊಂದರೆಯಾದರೆ, ಮೂಟೆ ಹೊರುವ ಹಮಾಲರಿಗೆ ಅನ್ನವೇ ತಪ್ಪಬಹುದು. ಆದಕಾರಣ ವೈದ್ಯರ ವರದಿಯೊಡನೆ ನಮ್ಮ ಉದ್ಯೋಗ, ಆದಾಯ, ತಪ್ಪಿದ ದಿನಗೂಲಿ ಇವುಗಳ ದಾಖಲೆಯನ್ನೂ ಒದಗಿಸಬೇಕು. ಚಿಕಿತ್ಸೆ ನೀಡಿದ ವೈದ್ಯರೇ ಸಾಕ್ಷ್ಯ ನುಡಿದರೆ ವರದಿಗೆ ಬಲ ಹೆಚ್ಚು.

1988ರ ಮೋಟಾರು ವಾಹನ ಕಾಯಿದೆಗೆ ಆದ ತಿದ್ದುಪಡಿಯು 2022ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಅರ್ಜಿಗೆ ಆರು ತಿಂಗಳ ಗಡುವನ್ನು ವಿಧಿಸಿದೆ. ಆ ಅವಧಿಯೊಳಗೇ ಅರ್ಜಿ ಸಲ್ಲಿಸುವುದು ಕ್ಷೇಮ.

ಇಲ್ಲದ ನೋವನ್ನು ಹೇಳುವುದು ಬೇಡ. ಇರುವ ನೋವನ್ನು ಸಂಕೋಚದಿಂದ ಮುಚ್ಚಿಡುವುದೂ ಬೇಡ.