ಜನರೇಟರ್ ಜಗಲಿಯಲ್ಲಿಟ್ಟು ಕಿಟಕಿ ತೆರೆದರೆ ಸಾಕೇ?

ಮಳೆಗಾಲ ಶುರುವಾದರೆ ಕಾರವಾರ, ಅಂಕೋಲಾ ಕಡೆ ಒಂದು ಪ್ರಶ್ನೆ ಇದ್ದದ್ದೇ: ಕೈಗಾ ಪಕ್ಕದಲ್ಲೇ ಇದ್ದೂ ನಮಗೇಕೆ ಕರೆಂಟ್ ಇಲ್ಲ? ಕೈಗಾದ ನಾಲ್ಕು ಘಟಕಗಳ 880 ಮೆಗಾವಾಟ್ ಹೋಗುವುದು ಹೈಟೆನ್ಷನ್ ಗ್ರಿಡ್‌ಗೆ. ನಮ್ಮ ಮನೆಗೆ ಬರುವುದು ಹೆಸ್ಕಾಂನ ಕಂಬ, ತಂತಿಗಳ ಮೂಲಕ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಕರಾವಳಿಯಲ್ಲಿ ನೆಲಕ್ಕುರುಳಿದ್ದು ಇಂಥ ಕಂಬಗಳೇ. ಹಾಗಾಗಿ ಜನರೇಟರ್ ಕೊಳ್ಳುವ ಯೋಚನೆಯೇನೂ ತಪ್ಪಲ್ಲ. ಇಡುವ ಜಾಗದಲ್ಲೇ ಅಪಾಯ.

ಜೋರು ಮಳೆ ಬಂದಾಗ ಜನರೇಟರನ್ನು ಜಗಲಿಗೆ ಎಳೆದು, "ಕಿಟಕಿ ತೆರೆದಿದೆಯಲ್ಲ" ಎನ್ನುವುದುಂಟು. ಇದು ಸುರಕ್ಷಿತವಲ್ಲ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ ತಕ್ಷಣ ಎಲ್ಲರೂ ಹೊರಗೆ ಬಂದು 108ಕ್ಕೆ ಕರೆ ಮಾಡಿ. ಮಲಗಿದವರಿಗೆ ಈ ಮುನ್ಸೂಚನೆಯೂ ಸಿಗದು. ಬಾಗಿಲು, ಕಿಟಕಿಯಿಂದ ಕನಿಷ್ಠ 20 ಅಡಿ ದೂರದಲ್ಲಿ, ಸುತ್ತಲೂ ತೆರೆದ ಪ್ರತ್ಯೇಕ ಮಾಡಿನ ಕೆಳಗೆ ಇಡಬೇಕು. ನೆರೆ ನೀರು ಬರುವ ಕಡೆಯಾದರೆ ಎತ್ತರದ ಕಟ್ಟೆ ಬೇಕು.

ಎರಡೂ ತುದಿಗೆ ಪ್ಲಗ್ ಇರುವ ವೈರಿನಿಂದ ಗೋಡೆಯ ಸಾಕೆಟ್‌ಗೆ ಜೋಡಿಸುವ "ಸುಲಭ ಉಪಾಯ"ವನ್ನಂತೂ ಯಾರಿಗೂ ಫಾರ್ವರ್ಡ್ ಮಾಡಬೇಡಿ. ಮನೆಯ 230 ವೋಲ್ಟ್ ಹೊರಗಿನ ಲೈನಿಗೆ ಹರಿದರೆ, ಟ್ರಾನ್ಸ್‌ಫಾರ್ಮರ್ ಅದನ್ನು ಉಲ್ಟಾ 11,000 ವೋಲ್ಟ್‌ಗೆ ಏರಿಸಬಲ್ಲದು. ನಿಮ್ಮ ಬೀದಿಗೆ ಕರೆಂಟ್ ಕೊಡಲೆಂದೇ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ ಅದಕ್ಕೆ ಬಲಿಯಾಗಬಹುದು. ಎಲೆಕ್ಟ್ರಿಷಿಯನ್‌ನಿಂದ ಚೇಂಜ್‌ಓವರ್ ಸ್ವಿಚ್ ಹಾಕಿಸಿ.

ಎಷ್ಟು ದೊಡ್ಡದು ಬೇಕು? 2 ಕೆವಿಎ ಎಂದರೆ ಸುಮಾರು 1,600 ವಾಟ್. ಲೈಟು, ಫ್ಯಾನು, ಫ್ರಿಜ್‌ಗೆ ಸಾಕು. ಬಾವಿಯ 1 ಎಚ್‌ಪಿ ಪಂಪು ಓಡುವಾಗ ಸುಮಾರು 1,000 ವಾಟ್ ಎಳೆದರೂ ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಕೇಳುತ್ತದೆ. ಅಂಗಡಿಯವರಿಗೆ ಪಂಪಿನ ವಿಷಯ ಮೊದಲೇ ಹೇಳಿ.

ಬರೀ ಲೈಟು, ಫ್ಯಾನು, ಮೊಬೈಲ್ ಚಾರ್ಜ್ ಆದರೆ ಇನ್ವರ್ಟರೇ ಲೇಸು ಎನ್ನುತ್ತೇವೆ ನಾವು. 12 ವೋಲ್ಟ್, 150 ಎಎಚ್‌ನ ಒಳ್ಳೆಯ ಬ್ಯಾಟರಿ 200 ವಾಟ್ ಹೊರೆಯನ್ನು ಆರೇಳು ಗಂಟೆ ಎಳೆಯುತ್ತದೆ. ಮನೆಯಲ್ಲಿ ಆಕ್ಸಿಜನ್ ಕಾನ್ಸೆಂಟ್ರೇಟರ್ ಬೇಕಾದವರಿದ್ದರೆ ಮಾತು ಬೇರೆ. ಇನ್ವರ್ಟರ್ ಜೊತೆ ಜನರೇಟರೂ ಇರಲಿ, ತುಂಬಿದ ಸಿಲಿಂಡರೂ ಇರಲಿ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದು ಹೆದ್ದಾರಿ ಹಲವು ದಿನ ಬಂದ್ ಆಗಿತ್ತು. ಇಂಥ ಹೊತ್ತಿನಲ್ಲಿ ಪೆಟ್ರೋಲ್ ಬಂಕ್ ತನಕ ಹೋಗಲಾದೀತೇ ಎಂಬುದನ್ನೂ ಕೊಳ್ಳುವ ಮೊದಲೇ ಯೋಚಿಸಿ.