ಚಾಕುವಿನ ಹೊಳಪಲ್ಲ, ಉಕ್ಕು ನೋಡಿ

ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆಗೆ ಸೀರೆ ಖರೀದಿಗೆ ಹೋಗುವ ನಮ್ಮ ಬ್ಯಾರಿ ವ್ಯಾಪಾರಿಗಳಿಗೆ ಮೂಟೆಯ ಹುರಿ ಕತ್ತರಿಸಲು ಮಡಚುವ ಚಾಕು ಬೇಕೇ ಬೇಕು. ಹೆಚ್ಚಿನವರು ಹೊಳಪು ನೋಡಿ ಕೊಳ್ಳುತ್ತಾರೆ. ನಾನು ಉಕ್ಕಿನ ಹೆಸರು ಕೇಳುತ್ತೇನೆ. 420ಜೆ2 ಸುಲಭಕ್ಕೆ ತುಕ್ಕು ಹಿಡಿಯದು, ಆದರೆ ಇಂಗಾಲ ಕಡಿಮೆ. ಹರಿತ ಬೇಗ ಹೋಗುತ್ತದೆ. ಮೊಂಡು ಚಾಕುವನ್ನು ಒತ್ತಿ ಎಳೆದರೆ ಜಾರಿ ಬೆರಳಿಗೆ ತಾಗೀತು, ಇಲ್ಲವೇ ಹತ್ತಿಯ ಒಡಲು, ರೇಷ್ಮೆಯ ಅಂಚಿನ ಗದ್ವಾಲ್ ಸೀರೆಗೆ. ಸಾದಾ ಕಾರ್ಬನ್ ಉಕ್ಕು ಆ ಒಣ ಸೀಮೆಗೆ ಸರಿ. ಊರಿಗೆ ತಂದರೆ ನಮ್ಮ ಕಡಲ ಗಾಳಿ, ಮಳೆಗಾಲ ಅದನ್ನು ಬಿಡುವುದಿಲ್ಲ. ಹಾಗಾಗಿ ನನ್ನ ಮತ 12ಸಿ27ಕ್ಕೆ: ಇಂಗಾಲ ಶೇ. 0.6, ಕ್ರೋಮಿಯಂ ಶೇ. 13.5. ಬಿಚ್ಚಿದ ಅಲಗು ಅಲುಗಾಡಬಾರದು, ಗಟ್ಟಿ ಲಾಕ್ ಇರಲಿ. ಹೈದರಾಬಾದಿನಲ್ಲಿ ವಿಮಾನ ಹತ್ತುವವರು ಮಾತ್ರ ಅದನ್ನು ಕೈಚೀಲದಲ್ಲಿ ಇಡಬೇಡಿ.